ಬಲಗಾಲಿನ ಸಾಕ್ಷಿ

“ಅವನಿಗೆ ಗಾಡಿ ಓಡಿಸೋಕೆ ಬರುತ್ತಾ ಅಂತ ಒಂದು ಸಲನಾದ್ರೂ ಕೇಳಿದ್ರಾ ಮಾವ?”

ಹಿರಿಯೂರಿನ ಬಸ್ಸು ಚಿತ್ರದುರ್ಗ ಬಿಟ್ಟು ಅರ್ಧ ಗಂಟೆಯಾಗಿತ್ತು. ಏಕನಾಥಮ್ಮ ಈ ಮಾತನ್ನು ಕೇಳುತ್ತಿದ್ದುದು ಮೂರನೆಯ ಸಲ. ಅವಳು ನನ್ನ ಅಕ್ಕನ ಮಗಳು, ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಉತ್ತರ ಸಿಗುವವರೆಗೆ ಬಿಡುವ ಪೈಕಿಯಲ್ಲ.

“ಇಲ್ಲ ಕಣವ್ವ. ಕೇಳಲಿಲ್ಲ” ಎಂದೆ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಹನುಮಂತಯ್ಯ, ಖಾಸಗಿ ಪತ್ತೇದಾರ ಎಂದು ಸೈಕಲ್ ಅಂಗಡಿಯ ಮಹಡಿಗೆ ಬೋರ್ಡು ಹಾಕಿಕೊಂಡವನು ನಾನು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾಗುವ ಮುಂಚೆ ಹದಿನೆಂಟು ವರ್ಷ ಪೊಲೀಸ್ ವ್ಯಾನು ಓಡಿಸಿದವನು. ಅಂಥವನು ಈ ಒಂದು ಮಾತು ಕೇಳದೆ, ಒಬ್ಬ ಬಡವನನ್ನು ಕೊಲೆಗಾರ ಎಂದು ಬರೆದು ಕೆಳಗೆ ರುಜು ಹಾಕಿದ್ದೆ. ನಾಳೆ ಸೋಮವಾರ ಆ ಕಾಗದ ಕೋರ್ಟಿಗೆ ಹೋಗುತ್ತದೆ. ನನಗೆ ನನ್ನ ಮುಖವೇ ಬೇಡವಾಗಿತ್ತು.

ಆರು ದಿನದ ಹಿಂದೆ ಮುಚ್ಚಂಜೆಯಲ್ಲಿ, ಐಮಂಗಲದ ಶೇಂಗಾ ಮಿಲ್ಲಿನ ವಾಚ್‌ಮನ್ ರಂಗಯ್ಯ ಹೆದ್ದಾರಿಯ ಪಕ್ಕ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದ ಚರಂಡಿಯಲ್ಲಿ ಮಿಲ್ಲಿನ ಜೀಪು ವಾಲಿಕೊಂಡಿತ್ತು, ಮೂತಿ ಹಿರಿಯೂರಿನ ಕಡೆಗೆ. ಒಳಗೆ ಯಾರೂ ಇರಲಿಲ್ಲ. ಮಿಲ್ಲಿನ ಸಾಹುಕಾರ ಶಿವಕುಮಾರಪ್ಪ ಆ ದಿನ ಮದುವೆಗೆಂದು ಹೊಳಲ್ಕೆರೆಗೆ ಹೋಗಿದ್ದವರು, ಬೆಳಗಾಗುತ್ತಲೇ ನನಗೆ ಹೇಳಿಕಳಿಸಿದ್ದರು.

ಮಿಲ್ಲಿನ ಅಂಗಳದಲ್ಲಿ ಚಕ್ರದ ಗುರುತು ನೋಡಿ ನಾನು ಬಾಯಿ ಚಪ್ಪರಿಸಿದ್ದೆ. ಶೆಡ್ಡಿನಿಂದ ಜೀಪನ್ನು ಒಂದೇ ಏಟಿಗೆ ಹಿಂದಕ್ಕೆ ತೆಗೆದು, ಎರಡೂ ಕಡೆ ಒಂದೊಂದು ಗೇಣು ಉಳಿಯುವ ಕಲ್ಲುಕಂಬದ ಗೇಟಿನಲ್ಲಿ ಒಂದು ಗೀರೂ ಬೀಳದಂತೆ ದಾಟಿಸಿದ್ದರು. ನುರಿತ ಕೈ. “ಇಲ್ಲಿ ಡ್ರೈವರ್ ಯಾರು?” ಎಂದು ಗತ್ತಿನಿಂದ ಕೇಳಿದೆ.

“ಡ್ರೈವರ್ ಜುಂಜಣ್ಣ ಅದಾನಲ್ಲ” ಎಂದರು ಶಿವಕುಮಾರಪ್ಪ. ಸುತ್ತ ನಿಂತವರೆಲ್ಲ ಹೂಂಗುಟ್ಟಿದರು.

ಜುಂಜಣ್ಣ ಮಿಲ್ಲಿನಲ್ಲಿ ಚೀಲ ಹೊಲಿಯುವವನು. ಅವನ ಟವೆಲ್ಲು ಜೀಪಿನಲ್ಲಿ ಸಿಕ್ಕಿತು. ಹಿಂದಿನ ದಿನ ತಾನೇ ರಂಗಯ್ಯನ ಕಪಾಳಕ್ಕೆ ಬಾರಿಸಿದ್ದ. ನನಗೆ ಇನ್ನೇನು ಬೇಕಿತ್ತು? ಸಿಟ್ಟಿಗೆ ಜೀಪು ಹತ್ತಿಸಿ ಕೊಂದಿದ್ದಾನೆ ಎಂದು ತೀರ್ಮಾನಿಸಿದೆ. ಅವನು ಕೈ ಮುಗಿದು “ನಂಗೆ ಗಾಡಿ ಬರಲ್ಲ ಸಾರ್” ಅಂದಾಗ, ಐವತ್ತು ಜನರ ಮುಂದೆ ನಾನು “ಕೇಳ್ರಪ್ಪ, ಮೀನಿಗೆ ಈಜು ಬರಲ್ವಂತೆ!” ಎಂದೆ. ಜನ ನಕ್ಕರು. ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನೇ ನಾನು ತಪ್ಪೊಪ್ಪಿಗೆ ಅಂದುಕೊಂಡೆ.

ನಿನ್ನೆ ಅವನ ತಂಗಿ, ಅದೇ ಮಿಲ್ಲಿನಲ್ಲಿ ಕೂಲಿ ಮಾಡುವ ಕೆಂಚಕ್ಕ, ನಮ್ಮ ಮಹಡಿ ಹತ್ತಿ ಬಂದಳು. ಕೂರು ಎಂದರೂ ಕೂರಲಿಲ್ಲ.

“ನಮ್ಮಣ್ಣಂಗೆ ಗಾಡಿ ಓಡಸಾಕೆ ಬರಲ್ಲ ಸಾರ್. ನಮ್ಮಪ್ಪ ದೊಡ್ಡತಿಮ್ಮಪ್ಪ ಹರಿಯಬ್ಬೆಗೆ ಹೋಗೋ ಬಸ್ಸಿಗೆ ಡ್ರೈವರ್ ಆಗಿದ್ದ. ಅದ್ಕೆ ನಮ್ದು ಡ್ರೈವರ್ ಮನೆ, ಇವ್ನು ಡ್ರೈವರ್ ಜುಂಜಣ್ಣ. ಊರಿಗೆಲ್ಲ ಗೊತ್ತು.”

“ಊರಿಗೆಲ್ಲ ಗೊತ್ತಿದ್ರೆ ಯಾಕಮ್ಮ ಯಾರೂ ಹೇಳಲಿಲ್ಲ?”

“ನೀವು ಡ್ರೈವರ್ ಯಾರು ಅಂತ ಕೇಳಿದ್ರಿ. ಹೇಳಿದ್ರು. ಬರುತ್ತಾ ಅಂತ ಯಾರನ್ನ ಕೇಳಿದ್ರಿ?”

ನಮ್ಮ ಕಡೆ ಕಸುಬಿನ ಹೆಸರು ಮೂರು ತಲೆಮಾರು ನಡೆಯುತ್ತದೆ. ಜೀವಮಾನದಲ್ಲಿ ಒಂದು ಟಿಕೆಟ್ಟೂ ಹರಿಯದ ಕಂಡಕ್ಟರ್ ನಮ್ಮ ಬೀದಿಯಲ್ಲೇ ಇದ್ದಾನೆ. ಇದು ಪರವೂರಿನವನಿಗೆ ತಿಳಿಯದಿದ್ದರೆ ಕ್ಷಮೆಯಿದೆ. ಇಲ್ಲೇ ಹುಟ್ಟಿ, ಇಲ್ಲೇ ತಲೆ ನರೆತ ನನಗೆ?

ಏಕನಾಥಮ್ಮ ನಿನ್ನೆ ಅಲ್ಲೇ ಕೂತು ಪೇಪರು ತಿದ್ದುತ್ತಿದ್ದವಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಬಸ್ಸಿನಲ್ಲಿ ಪಾಠ ಶುರು ಮಾಡಿದಳು.

“ಬೇಸಿಗೇಲಿ ಆರು ವಾರ ಬೆಂಗಳೂರಿಗೆ ಕಂಪ್ಯೂಟರ್ ಕೋರ್ಸಿಗೆ ಹೋಗಿದ್ನಲ್ಲ ಮಾವ. ಅಲ್ಲೊಬ್ರು ಪ್ರೊಫೆಸರ್ರು ಹೊರದೇಶದ ಒಂದು ಹೊಸ ಪದ್ಧತಿ ಹೇಳಿದ್ರು. ಪ್ರೋಗ್ರಾಮಿನಾಗೆ ಎಲ್ಲಾನೂ ಒಂದೊಂದು ವಸ್ತು ಅಂತ ಇಟ್ಕಳ್ಳೋದು. ಒಂದೊಂದು ವಸ್ತುವಿಗೂ ತನಗೆ ಬರೋ ಕೆಲಸಗಳು ಇರ್ತಾವೆ. ಅದಕ್ಕೆ ಮೆಥಡ್ ಅಂತಾರೆ. ನಾವು ವಸ್ತುವಿಗೆ ಇಂಥ ಕೆಲಸ ಮಾಡು ಅಂತ ಹೇಳಿ ಕಳಿಸಬೇಕು. ಅದಕ್ಕೆ ಬಂದ್ರೆ ಮಾಡುತ್ತೆ.”

“ಬರದಿದ್ರೆ?”

“ನಂಗೆ ತಿಳೀಲಿಲ್ಲ ಅಂತ ನಿಂತ್ಬಿಡುತ್ತೆ. ಪ್ರೋಗ್ರಾಮೆಲ್ಲ ಕೆಟ್ಟೋಗುತ್ತೆ. ಅದಕ್ಕೆ ಜಾಣರು ಏನ್ಮಾಡ್ತಾರೆ? ವಸ್ತುವಿನ ಹೆಸರೇನು, ಯಾವ ಕುಲ ಅಂತ ವಿಚಾರಿಸಲ್ಲ. ‘ಈ ಕೆಲಸ ನಿಂಗೆ ಬರುತ್ತಾ?’ ಅಂತ ಮೊದಲು ಕೇಳ್ತಾರೆ. ಹೌದು, ಇಲ್ಲ. ಅಷ್ಟೇ ಉತ್ತರ.”

“ನಾನು ಹೆಸರು ಕೇಳಿ ಕೆಲಸ ಮುಗಿಸಿದೆ.”

“ಇನ್ನೊಂದು ಕೇಳಿ. ಅಲ್ಲಿ ಅಪ್ಪ ವಸ್ತುವಿನ ವಿದ್ಯೆ ಮಗ ವಸ್ತುವಿಗೆ ತಾನಾಗೇ ಇಳಿಯುತ್ತೆ. ಮನುಷ್ಯರಾಗೆ ಹೆಸರೊಂದೇ ಇಳಿಯೋದು ಮಾವ.”

ಮಾತು ಚುಚ್ಚಿತು. ಚುಚ್ಚಲಿ ಎಂದೇ ಅವಳು ಹೇಳಿದ್ದು.

“ಅದೆಲ್ಲ ಸರಿಯವ್ವ. ನಿನ್ನ ಮೆಷಿನ್ ಸುಳ್ಳು ಹೇಳಲ್ಲ. ಮನುಷ್ಯನನ್ನ ‘ನಿಂಗೆ ಗಾಡಿ ಬರುತ್ತಾ’ ಅಂತ ಕೇಳಿದ್ರೆ, ಕೊಂದವನೂ ಬರಲ್ಲ ಅಂತಾನೆ. ಅದನ್ನ ಹೆಂಗೆ ಒರೆಗೆ ಹಚ್ಚೋದು?”

ಅವಳು ಬಾಯಿ ತೆರೆಯುವಷ್ಟರಲ್ಲಿ ರಸ್ತೆಗೆ ಎಮ್ಮೆಗಳು ನುಗ್ಗಿದವು. ಡ್ರೈವರ್ ಬ್ರೇಕು ಹಾಕಿದ. ಬಸ್ಸು ಕಿರುಚಿ ನಿಂತಿತು.

“ಮಾವ, ಬ್ರೇಕು ಅಲ್ಲಿಲ್ಲ. ಅದು ನನ್ನ ಚೀಲ!”

ನೋಡಿದರೆ ನನ್ನ ಬಲಗಾಲು ಅವಳ ಬಟ್ಟೆಚೀಲವನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಒಳಗಿದ್ದ ಬಾಳೆಹಣ್ಣುಗಳು ಅಪ್ಪಚ್ಚಿಯಾಗಿದ್ದವು.

“ಹೆಂಗಸರ ಬುದ್ಧಿ ಮೊಳಕಾಲ ಕೆಳಗೆ ಅಂತ ಗಾದೆ ಹೇಳ್ತಿದ್ರಲ್ಲ, ಗಂಡಸರದ್ದೂ ಅಲ್ಲೇ ಐತೆ ನೋಡ್ರಿ” ಎಂದು ನಕ್ಕಳು.

ನಾನು ನಗಲಿಲ್ಲ. ಅವಳ ಕಾಲು ನೋಡಿದೆ. ಎರಡೂ ಪಾದ ಸೀಟಿನ ಕೆಳಗೆ ಸುಮ್ಮನಿದ್ದವು. ಕೈ ಮಾತ್ರ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಓಡಿಸಲು ಬರುವವನು ಹೆದರಿದರೆ ಕಾಲು ಒತ್ತುತ್ತಾನೆ. ಬಾರದವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಬಾಯಿ ಸುಳ್ಳು ಹೇಳಬಹುದು. ಕಾಲಿಗೆ ಅಷ್ಟು ಪುರುಸೊತ್ತು ಎಲ್ಲಿ?

“ಐಮಂಗಲದಾಗೆ ಇಳಿಯಣವ್ವ, ಮಿಲ್ಲಿನ ಜೀಪು ಬೇಕು. ಒರೆಗಲ್ಲು ಸಿಕ್ತು” ಎಂದೆ.

*

ಶಿವಕುಮಾರಪ್ಪ ಜೀಪು ಕೊಡಲು ಹಿಂದೆಮುಂದೆ ನೋಡಲಿಲ್ಲ. ಪೊಲೀಸರು ಜಾಮೀನಿನ ಮೇಲೆ ಅದನ್ನು ಅವರಿಗೆ ಮರಳಿಸಿದ್ದರು.

“ಎಷ್ಟೊತ್ತು ಬೇಕಾದ್ರೂ ಇಟ್ಕಳ್ರಿ ಹನುಮಂತಯ್ಯನೋರೆ. ಸೆಲ್ಫ್ ಸ್ಟಾರ್ಟು ಹಿಡಿಯಲ್ಲ, ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬೇಕು” ಎಂದು ಹ್ಯಾಂಡಲ್ ಕೊಟ್ಟರು. ಅಂಗಡಿಯ ಗ್ರೀಸು ಇನ್ನೂ ಆರದ ಹೊಸ ಕಬ್ಬಿಣದ ಸರಳು.

“ಹೊಸದಾ?”

“ಹಳೇದು ಎಲ್ಲೋ ಬಿದ್ದೋತು. ಕುಂತ್ಕಳ್ರಿ, ಕಾಫಿ ಕುಡಕಂಡು ಹೋಗೀರಂತೆ.”

ಕಾಫಿ ಬೇಡವೆಂದು ಹೊರಟೆ. ಹಿಂದಿನ ಸೀಟಿನ ಮೇಲೆ ಹಾಸಿದ್ದ ಗೋಣಿತಟ್ಟನ್ನು ಏಕನಾಥಮ್ಮ ಸರಿಸಿ ಕೂತಳು. ಅದರ ಮೇಲೊಂದು ಅಗಲ ಕಪ್ಪು ಕಲೆ ಇತ್ತು. ಅವತ್ತು ನಾನು ಏನಿದು ಎಂದು ಕೇಳಿದಾಗ ಶಿವಕುಮಾರಪ್ಪ ಎಣ್ಣೆ ಅಂದಿದ್ದರು. ನಾನೂ ಎಣ್ಣೆ ಎಂದೇ ಬರೆದಿದ್ದೆ.

ಹಿರಿಯೂರಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಮೂರ್ತಪ್ಪ ನನ್ನ ಹಳೆಯ ಶಿಷ್ಯ. ನಾನು ಹೇಳಿದ್ದನ್ನು ಕೇಳಿ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಸಾರ್, ನಿಮ್ಮ ಹೇಳಿಕೆ ನಂಬಿ ನಾನು ಅವನನ್ನ ಒಳಗೆ ಹಾಕಿದೀನಿ. ಈಗ ಕಾಲು ಕೈ ಅಂತೀರಿ.”

“ತಪ್ಪಾಗಿರಬಹುದು ಮೂರ್ತಪ್ಪ.”

ಈ ಮಾತು ಹೇಳಲು ನನಗೆ ಅರವತ್ತು ವರ್ಷ ಬೇಕಾಯಿತು. ಅವನು ನನ್ನ ಮುಖವನ್ನೊಮ್ಮೆ ನೋಡಿ, ಸ್ಥಳ ತೋರಿಸುವ ನೆಪದಲ್ಲಿ ಜುಂಜಣ್ಣನನ್ನು ಹೊರಗೆ ಕರೆಸಿದ.

ಜುಂಜಣ್ಣನನ್ನು ನನ್ನ ಪಕ್ಕ ಕೂರಿಸಿದೆ. ಹಿಂದೆ ಮೂರ್ತಪ್ಪ ಮತ್ತು ಏಕನಾಥಮ್ಮ. ವೇದಾವತಿ ಸೇತುವೆ ದಾಟಿ ಹೆದ್ದಾರಿಗೆ ಬಂದ ಮೇಲೆ ಎದುರಿಗೆ ಹುಣಸೆಮರದ ಬುಡದಲ್ಲಿ ಜಲ್ಲಿಯ ರಾಶಿ ಕಂಡಿತು. ಜೀಪನ್ನು ನೆಟ್ಟಗೆ ಅದರ ಕಡೆಗೇ ಬಿಟ್ಟೆ. ಹತ್ತು ಮಾರು, ಐದು ಮಾರು. ಬ್ರೇಕು ತುಳಿದೆ.

ನನ್ನ ಬೆನ್ನ ಹಿಂದೆ ಧಡಕ್ಕೆಂದಿತು. ಮೂರ್ತಪ್ಪನ ಬೂಟು ನನ್ನ ಸೀಟಿಗೆ ಒದ್ದಿತ್ತು. ಅವನಿಗೆ ಗಾಡಿ ಬರುತ್ತದೆ. ಜುಂಜಣ್ಣ? ಎರಡೂ ಕಾಲನ್ನು ಎತ್ತಿ ಸೀಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೇಡಿ ಹಾಕಿದ ಕೈಗಳಿಂದ ನನ್ನ ತೋಳನ್ನು ಅಪ್ಪಿಕೊಂಡಿದ್ದ. ಕಣ್ಣು ಮುಚ್ಚಿದ್ದವು.

ಇನ್ನೊಮ್ಮೆ ಮಾಡಿದೆ, ಬೇರೆ ಕಡೆ, ಅವನು ಮೈಮರೆತಿದ್ದಾಗ. ಮತ್ತೆ ಅದೇ. ಗುಬ್ಬಿಮರಿಯ ಹಾಗೆ ಮುದುರಿದ.

“ಚಿಕ್ಕವನಿದ್ದಾಗ ಅಪ್ಪ ಸ್ಟೇರಿಂಗ್ ಮುಂದೆ ಕುಂಡ್ರಿಸಿದ್ರೆ ಉಚ್ಚೆ ಹೊಯ್ಕಂಡಿದ್ದೆ ಸಾರ್” ಎಂದ, ತಾನೇ ತಪ್ಪು ಮಾಡಿದವನಂತೆ. “ಅವತ್ತಿಂದ ಅಪ್ಪ ಬಿಟ್ಬುಟ್ಟ. ಹೆಸರು ಮಾತ್ರ ಬಿಡಲಿಲ್ಲ.”

“ರಂಗಯ್ಯನಿಗೆ ಯಾಕೆ ಹೊಡೆದೆ?”

“ಮಿಲ್ಲಿನಾಗೆ ಹೆಂಗಸರ ಮುಂದೆ ಅಂದ, ‘ಸ್ಟೇರಿಂಗ್ ಮುಟ್ಟದ ಡ್ರೈವರ್ ಬಂದ, ದಾರಿ ಬಿಡ್ರಿ’ ಅಂತ. ತಡೀಲಿಲ್ಲ. ಒಂದು ಕೊಟ್ಟೆ.”

ನನ್ನ ಕಿವಿ ಬಿಸಿಯಾಯಿತು. ಆ ಜಗಳವನ್ನು ಕೊಲೆಗೆ ಕಾರಣ ಎಂದು ನಾನು ಬರೆದಿದ್ದೆ. ಜಗಳ ಯಾತಕ್ಕೆ ಎಂದು ಕೇಳಿದ್ದರೆ ಅವನ ಬಿಡುಗಡೆಯ ಕಾರಣ ಅಲ್ಲೇ ಇತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಗಾಡಿ ನಿಲ್ಲಿಸಿ ಅವನ ಬೇಡಿಯ ಕೈ ಹಿಡಿದುಕೊಂಡೆ.

“ತಪ್ಪಾತಪ್ಪ. ಐವತ್ತು ಜನರ ಮುಂದೆ ನಗೆಗೀಡು ಮಾಡಿದೆ. ನಾಳೆ ಕೋರ್ಟಿನಾಗೆ ಎಲ್ಲರ ಮುಂದೇನೆ ತಪ್ಪು ಅಂತ ಹೇಳ್ತೀನಿ.”

“ಹೋಗ್ಲಿ ಬಿಡ್ರಿ ಸಾರ್” ಎಂದ. ಬೈದಿದ್ದರೆ ಹಗುರವಾಗುತ್ತಿತ್ತು. ಸ್ವಲ್ಪ ತಡೆದು, “ನನ್ನ ಬಿಟ್ರೆ ಸಾಕು. ಇನ್ನು ಯಾರನ್ನೂ ಹುಡುಕಾಕೆ ಹೋಗಬ್ಯಾಡ್ರಿ” ಎಂದ.

ಆ ಮಾತಿನ ಕಡೆ ನಾನು ಗಮನ ಕೊಡಲಿಲ್ಲ. ಆಗಲೂ ಕೊಡಲಿಲ್ಲ.

ಠಾಣೆಯ ಮುಂದೆ ಬೇವಿನ ಮರದ ಕೆಳಗೆ ಕೆಂಚಕ್ಕ ಅಣ್ಣನ ಬುತ್ತಿ ಹಿಡಿದು ಕಾಯುತ್ತಿದ್ದಳು. ಜುಂಜಣ್ಣ ಒಳಗೆ ಹೋದ ಮೇಲೆ ಮೂರ್ತಪ್ಪ ಜೋರಾಗಿ ಹೇಳಿದ, “ಭಲೇ ಸಾರ್! ಇನ್ಮೇಲೆ ಯಾರ ಕಾಲು ಒತ್ತುತ್ತೋ ಅವನೇ ಕೊಲೆಗಾರ.”

“ಹಂಗಲ್ಲ” ಎಂದಳು ಏಕನಾಥಮ್ಮ. “ಬರುತ್ತೆ ಅನ್ನೋದು ಬೇರೆ, ಮಾಡಿದ ಅನ್ನೋದು ಬೇರೆ. ಮೆಷಿನ್ನಿನಾಗೂ ವಸ್ತು ತಾನಾಗೇ ಏನೂ ಮಾಡಲ್ಲ. ಮಾಡು ಅಂತ ಒಬ್ರು ಹೇಳಿರಬೇಕು. ಹೇಳಿದವರು ಯಾರು ಅಂತಾನೂ ನೋಡಬೇಕಲ್ವಾ?”

ಮೂರ್ತಪ್ಪ ಕೇಳಿಸಿಕೊಳ್ಳಲಿಲ್ಲ. ಮಿಲ್ಲಿನ ಗೇಟಿನ ಅಳತೆ ತೆಗೆಯಲು ತಾನೂ ಬರುತ್ತೇನೆಂದು ಹಿಂದೆ ಹತ್ತಿದ. “ಬಾರಮ್ಮ, ಊರಿಗೆ ಬಿಡ್ತೀವಿ. ನಿಮ್ಮಣ್ಣ ನಾಳೆ ಮನೆಗೆ ಬರ್ತಾನೆ” ಎಂದು ನಾನು ಕೆಂಚಕ್ಕನನ್ನು ಮುಂದೆ ಕೂರಿಸಿಕೊಂಡೆ. ಅಣ್ಣ ಉಂಡ ಮೇಲೆ ಖಾಲಿಯಾದ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿಕೊಂಡಳು. ನನಗೂ ಎದೆ ಹಗುರವಾಗಿತ್ತು. ನಿನ್ನೆಯಿಂದ ಸೇರದಿದ್ದ ಊಟ ಇವತ್ತು ರುಚಿಸಬಹುದು ಅನ್ನಿಸಿತು.

*

ಐಮಂಗಲದ ಮಿಲ್ಲಿನ ಹತ್ತಿರ ಬಂದಾಗ ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಇದ್ದಕ್ಕಿದ್ದಂತೆ ಬೇಲಿಯ ಸಂದಿನಿಂದ ಒಂದು ಮೇಕೆಮರಿ ಚಕ್ಕನೆ ರಸ್ತೆಗೆ ಹಾರಿತು.

ಈ ಸಲ ನಾನು ಪರೀಕ್ಷೆಗೆಂದು ಮಾಡಿದ್ದಲ್ಲ. ನಿಜವಾಗಿಯೂ ಹೆದರಿ ಬ್ರೇಕು ತುಳಿದೆ. ಮರಿ ಬದುಕಿತು.

ಬುತ್ತಿ ಉರುಳಿ ಕೆಳಗೆ ಬಿತ್ತು. ಎತ್ತಿಕೊಡಲೆಂದು ಬಗ್ಗಿದೆ.

ಕೆಂಚಕ್ಕನ ಬಲಗಾಲು ಜೀಪಿನ ನೆಲವನ್ನು ಒತ್ತಿ ಹಿಡಿದಿತ್ತು. ಬರಿಗಾಲು, ಬೆರಳುಗಳು ಬಿಳುಪೇರಿದ್ದವು. ಎಡಗಾಲೂ ಒತ್ತಿತ್ತು, ಕ್ಲಚ್ಚಿನ ಜಾಗದಲ್ಲಿ. ಎಡಗೈ ಕಂಬಿ ಹಿಡಿದಿರಲಿಲ್ಲ. ಮಡಿಲ ಮೇಲಿದ್ದ ಬಲಗೈ ಒಂದು ಇಲ್ಲದ ಚಕ್ರವನ್ನು ಬಲಕ್ಕೆ ತಿರುಗಿಸಿ ನಿಂತಿತ್ತು.

ನಾನು ತಲೆ ಎತ್ತಿದೆ. ನಾನು ನೋಡಿದ್ದನ್ನು ಅವಳು ನೋಡಿದ್ದಳು.

ಬುತ್ತಿ ಅವಳ ಕೈಗಿಟ್ಟು ಸುಮ್ಮನೆ ಹೊರಟುಬಿಡೋಣ ಅನ್ನಿಸಿತು. ದೇವರಾಣೆಗೂ ಅನ್ನಿಸಿತು. ಆದರೆ ಹಿಂದಿನಿಂದ ಮೂರ್ತಪ್ಪ ಅವಳ ಭುಜದ ಮೇಲೆ ಬಗ್ಗಿದ್ದ.

“ಸಾರ್, ನೋಡಿದ್ರಾ? ಗಾಡಿ ಇವಳಿಗೆ ಬರುತ್ತೆ.”

ನಾನೇ ಹುಡುಕಿದ ಒರೆಗಲ್ಲು, ಬೆಳಗಿನಿಂದ ನಾನೇ ಹೊಗಳಿಕೊಂಡದ್ದು. ಅಣ್ಣನನ್ನು ಬಿಡಿಸಲು ಹೋಗಿ ತಂಗಿಯನ್ನು ಹಿಡಿದುಕೊಟ್ಟಿದ್ದೆ.

“ಯಾರು ಕಲಿಸಿದ್ದು?” ಮೂರ್ತಪ್ಪ ಗದರಿದ.

“ಅಪ್ಪ” ಎಂದಳು. ಅಳಲಿಲ್ಲ. “ಅಣ್ಣಂಗೆ ಬರಲಿಲ್ಲ ಅಂತ ನಂಗೆ ಕಲಿಸ್ದ. ಮಾರಿಕಣಿವೆ ಕೆಳಗಿನ ಬಯಲಾಗೆ, ಬಸ್ಸಿನಾಗೇನೆ. ಯಾರಿಗೂ ಹೇಳಬ್ಯಾಡ, ಹೆಣ್ಣುಮಗಳು, ಮದುವೆ ಆಗಲ್ಲ ಅಂದಿದ್ದ. ಡ್ರೈವರ್ ಅನ್ನೋ ಹೆಸರು ಅಣ್ಣಂಗೆ ಹೋತು. ವಿದ್ಯೆ ನಂಗೆ ಬಂತು.”

“ಆ ಸಂಜೆ ಜೀಪು ಓಡಿಸಿದ್ದು ನೀನಾ?” ಎಂದೆ.

“ಹೂಂ.”

“ರಂಗಯ್ಯನ ಮೇಲೆ ಹತ್ತಿಸಿದೆಯಾ?”

ಕೆಂಚಕ್ಕ ತಿರುಗಿ ಹಿಂದಿನ ಸೀಟನ್ನು ನೋಡಿದಳು. ಏಕನಾಥಮ್ಮ ಸರಿಸಿಟ್ಟ ಗೋಣಿತಟ್ಟನ್ನು ನೋಡಿದಳು.

“ರಂಗಯ್ಯ ಅಲ್ಲಿ ಮಲಗಿದ್ದ ಸಾರ್. ಜೀವ ಇತ್ತು. ತಲೆ ಆಗಲೇ ಒಡೆದಿತ್ತು. ಹಿರಿಯೂರು ಆಸ್ಪತ್ರೆಗೆ ಹೊರಟಿದ್ದೆ. ದಾರಿಯಾಗೆ ನರಳಾಟ ನಿಂತೋತು. ಏನಾತು ಅಂತ ಹಿಂದಕ್ಕೆ ತಿರುಗಿ ನೋಡ್ದೆ, ಗಾಡಿ ಚರಂಡಿಗೆ ಇಳೀತು. ಕೆಳಗಿಳಿಸಿ ಮಲಗಿಸಿ, ಲಾರಿಗೆ ಕೈ ಅಡ್ಡ ಹಾಕಿದೆ. ಯಾರೂ ನಿಲ್ಲಿಸಲಿಲ್ಲ. ಸತ್ತೋದ ಅಂತ ಗೊತ್ತಾದ ಮೇಲೆ ಓಡಿ ಬಂದೆ. ಗುರುತು ಸಿಗದಿರ್ಲಿ ಅಂತ ತಲೆಗೆ ಸುತ್ಕಂಡಿದ್ದ ಅಣ್ಣನ ಟವೆಲ್ಲು ಗಾಡಿಯಾಗೇ ಉಳೀತು. ಅಣ್ಣಂಗೆ ಎಲ್ಲಾ ಹೇಳಿದ್ದೆ. ನನ್ನ ಹೆಸರು ಬರಬಾರದು ಅಂತ ಅವನು ಒಳಗೆ ಕುಂತವ್ನೆ.”

ಏಕನಾಥಮ್ಮ ಗೋಣಿತಟ್ಟನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. “ಎಣ್ಣೆ ಅಲ್ಲ ಮಾವ” ಎಂದಳು. ಆಮೇಲೆ ಮೆಲ್ಲಗೆ, “ಕೆಂಚಕ್ಕ, ಗಾಡಿ ತಗೊಂಡು ಹೋಗು ಅಂತ ನಿಂಗೆ ಹೇಳಿದ್ದು ಯಾರು?”

ಕೆಂಚಕ್ಕ ಮಿಲ್ಲಿನ ಗೇಟಿನ ಕಡೆ ನೋಡಿದಳು.

“ಸಾವ್ಕಾರ್ರು. ಬಯಲಾಗೆ ಅಪ್ಪ ನಂಗೆ ಕಲಿಸೋದು ಅವ್ರೊಬ್ರು ಕಂಡಿದ್ರು. ಬಿದ್ದು ಪೆಟ್ಟು ಮಾಡ್ಕಂಡವ್ನೆ, ಬೇಗ ಕರ್ಕೊಂಡು ಹೋಗು, ನಾನು ಇಲ್ಲಿದ್ದೆ ಅಂತ ಬಾಯಿ ಬಿಟ್ರೆ ಓಡಿಸಿದ್ದು ನೀನೇ ಅಂತ ಪೊಲೀಸಿಗೆ ಹೇಳ್ತೀನಿ ಅಂದ್ರು. ಕೈಯಾಗೆ ಜೀಪಿನ ಹ್ಯಾಂಡಲ್ ಇತ್ತು. ನನ್ನ ಕೈಗೆ ಕೊಡಲಿಲ್ಲ. ತಾವೇ ತಿರುಗಿಸಿ ಸ್ಟಾರ್ಟ್ ಮಾಡಿ, ಹಂಗೇ ಹಿಡ್ಕಂಡು ಒಳಗೆ ಹೋದ್ರು. ಅವರಿಬ್ರ ನಡುವೆ ಏನಾಗಿತ್ತೋ ನಂಗೊತ್ತಿಲ್ಲ.”

ನನ್ನ ಸೀಟಿನ ಕೆಳಗೆ ಹೊಸ ಹ್ಯಾಂಡಲ್ ಇತ್ತು. ಹಳೆಯದು ಎಲ್ಲೋ ಬಿದ್ದೋತು ಅಂದಿದ್ದರು ಸಾಹುಕಾರರು.

ಮೂರ್ತಪ್ಪ ತನ್ನ ಕಡತ ತೆಗೆದ. ಒಂದು ಹಾಳೆ ತಿರುವಿದ. ನನ್ನ ಕೈಬರಹ ನನಗೆ ದೂರದಿಂದಲೇ ಗುರುತು ಸಿಕ್ಕಿತು.

“‘ಶ್ರೀ ಶಿವಕುಮಾರಪ್ಪನವರು ಆ ಸಂಜೆ ಹೊಳಲ್ಕೆರೆಯಲ್ಲಿದ್ದುದನ್ನು ನಾನು ಖುದ್ದಾಗಿ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ.’ ಕೆಳಗೆ ರುಜು ನಿಮ್ಮದು. ನಾಳೆ ಜಡ್ಜು ಈ ಕೂಲಿ ಹೆಂಗಸಿನ ಮಾತು ನಂಬ್ತಾರಾ, ಈ ರುಜು ನಂಬ್ತಾರಾ? ಹೇಳ್ರಿ ಸಾರ್. ವಿಚಾರಿಸಿದ್ರಾ?”

ಹೊಳಲ್ಕೆರೆಗೆ ನಾನು ಹೋಗಿರಲಿಲ್ಲ. ಒಂದು ಕಾಗದವನ್ನೂ ಬರೆದಿರಲಿಲ್ಲ. ಸಾಹುಕಾರರು ಅಂದರು, ನಾನು ಬರೆದೆ. ಅವನು ಡ್ರೈವರ್, ಇವರು ಸಾಹುಕಾರರು. ಎರಡು ಹೆಸರು ಕೇಳಿ ಎರಡು ತೀರ್ಪು ಕೊಟ್ಟು, ಮೇಲೆ ಕಾಫಿ ಕುಡಿದು ಬಂದಿದ್ದೆ.

ಉತ್ತರಕ್ಕೆ ಬಾಯಿ ತೆರೆದೆ. ಕಲ್ಲುಕಂಬದ ಗೇಟು ಕಿರ್ರೆಂದಿತು.

ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ. ಶಿವಕುಮಾರಪ್ಪ ನಗುನಗುತ್ತಾ ನಮ್ಮ ಕಡೆಗೇ ಬಂದರು. ಜೀಪಿನ ಮೇಲೆ ಒಂದು ಕೈ ಊರಿ ಒಳಗೆ ಬಗ್ಗಿದರು. ಕಣ್ಣು ಗೋಣಿತಟ್ಟಿನ ಮೇಲೆ ಒಂದು ಕ್ಷಣ ನಿಂತು, ನನ್ನ ಮುಖಕ್ಕೆ ಬಂತು.

“ಏನ್ ಹನುಮಂತಯ್ಯನೋರೆ, ಪತ್ತೆ ಆತಾ? ಆಗಿದ್ರೆ ಹ್ಯಾಂಡಲ್ ಇತ್ಲಾಗೆ ಕೊಡ್ರಿ.”

ಕೆಂಚಕ್ಕನ ಬಲಗಾಲು ಇನ್ನೂ ನೆಲದಿಂದ ಮೇಲೆ ಬಂದಿರಲಿಲ್ಲ.